ನನ್ನ ಪಿಸ್ತೂಲು ಒಪ್ಪಿದ ಕಾರ್ಟ್ರಿಜ್

ಶೂಟಿಂಗ್ ಗೊತ್ತಿಲ್ಲದವರು ಕಾರ್ಟ್ರಿಜ್‌ಗೂ ಗುಂಡು ಅನ್ನುತ್ತಾರೆ, ಅದರ ತುದಿಯಿಂದ ಹಾರಿಹೋಗುವ ಸೀಸಕ್ಕೂ ಗುಂಡು ಅನ್ನುತ್ತಾರೆ. ನಾನೂ ಬಹಳ ದಿನ ಹಾಗೇ ಅನ್ನುತ್ತಿದ್ದೆ. ಹಿತ್ತಾಳೆಯ ಕೇಸ್, ಕಿಡಿ ಕೊಡುವ ಪ್ರೈಮರ್, ಉರಿಯುವ ಪೌಡರ್, ಸೀಸದ ಗುಂಡು ಈ ನಾಲ್ಕೂ ಸೇರಿದ್ದು ಕಾರ್ಟ್ರಿಜ್. ಮುಂದೆ ಹೇಳುವುದರಲ್ಲಿ ಗುಂಡು ಅಂದರೆ ಸೀಸ ಮಾತ್ರ.

ನಾನು ಶೂಟ್ ಮಾಡುವುದು 25 ಮೀಟರ್ ಸೆಂಟರ್ ಫೈರ್ ಪಿಸ್ತೂಲು ಸ್ಪರ್ಧೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮದ ಪ್ರಕಾರ ಇದರಲ್ಲಿ 7.62ರಿಂದ 9.65 ಮಿಲಿಮೀಟರ್‌ವರೆಗಿನ ಕ್ಯಾಲಿಬರ್ (ಗುಂಡಿನ ಅಡ್ಡಳತೆ) ನಡೆಯುತ್ತದೆ, ಗುಂಡು ಸೀಸದ್ದೋ ಅಂಥದೇ ಮೆತ್ತನೆಯದೋ ಆಗಿರಬೇಕು. ಮೊದಲ 30 ಶಾಟ್ ಪ್ರಿಸಿಷನ್: ಐದು ಶಾಟ್‌ಗೆ ಐದು ನಿಮಿಷ, ಹತ್ತರ ವೃತ್ತದ ಅಗಲ 50 ಮಿಲಿಮೀಟರ್. ಉಳಿದ 30 ರ‍್ಯಾಪಿಡ್: ಟಾರ್ಗೆಟ್ 3 ಸೆಕೆಂಡ್ ಕಾಣುತ್ತದೆ, 7 ಸೆಕೆಂಡ್ ಮರೆಯಾಗುತ್ತದೆ, ಒಮ್ಮೆ ಕಂಡಾಗ ಒಂದೇ ಶಾಟ್. ಅಲ್ಲಿ ಹತ್ತರ ವೃತ್ತ 100 ಮಿಲಿಮೀಟರ್. ಒಂದೇ ಕಾರ್ಟ್ರಿಜ್ ಈ ಎರಡಕ್ಕೂ ಸಲ್ಲಬೇಕು. ನನ್ನ ಆಯ್ಕೆ ನಿಂತದ್ದು ಇದರ ಮೇಲೆಯೇ.

ಶುರುಮಾಡಿದ್ದು .38 ಸ್ಪೆಷಲ್ ರಿವಾಲ್ವರ್‌ನಿಂದ, 148 ಗ್ರೇನ್ ತೂಕದ ವಾಡ್‌ಕಟರ್ ಹಾಕಿ. ವಾಡ್‌ಕಟರ್ ಗುಂಡಿನ ಮೂತಿ ಚೂಪಲ್ಲ, ಪೂರ್ತಿ ಚಪ್ಪಟೆ. ಚೂಪು ಗುಂಡು ಕಾಗದವನ್ನು ಹರಿದುಕೊಂಡು ಹೋದರೆ ಇದು ಪಂಚಿಂಗ್ ಮೆಷಿನ್ನಿನಂತೆ ದುಂಡಗೆ ಕತ್ತರಿಸುತ್ತದೆ. ಗೆರೆ ತಾಗಿದ ತೂತಿಗೆ ಮೇಲಿನ ಅಂಕ ಸಿಗುವುದರಿಂದ ತೂತಿನ ಅಂಚು ಸ್ವಚ್ಛವಾಗಿರುವುದು ಸಣ್ಣ ವಿಷಯವಲ್ಲ. ಪ್ರಿಸಿಷನ್‌ನಲ್ಲಿ ಆ ರಿವಾಲ್ವರ್ ಬಗ್ಗೆ ನನ್ನ ತಕರಾರೇನೂ ಇರಲಿಲ್ಲ. ರ‍್ಯಾಪಿಡ್‌ನಲ್ಲಿ ಮಾತ್ರ ಪ್ರತಿ ಸರಣಿಯ ನಾಲ್ಕನೇ, ಐದನೇ ಶಾಟ್ ಎಡಕ್ಕೆ, ಕೆಳಕ್ಕೆ ಸರಿಯುತ್ತಿತ್ತು. ಮುಂದಿನ ಒದೆತಕ್ಕೆ ನನ್ನ ಕೈ ಮೊದಲೇ ಬಿಗಿದುಕೊಳ್ಳುತ್ತಿತ್ತು.

ಒದೆತವನ್ನು ಲೆಕ್ಕ ಹಾಕಿ ನೋಡಿದೆ. 148 ಗ್ರೇನ್ ಅಂದರೆ ಸುಮಾರು 9.6 ಗ್ರಾಂ. ಸೆಕೆಂಡಿಗೆ 220 ಮೀಟರ್ ವೇಗ ಹಿಡಿದರೆ ಗುಂಡಿನ ಸಂವೇಗ (ತೂಕ x ವೇಗ) ಸೆಕೆಂಡಿಗೆ 2.1 ಕಿಲೋಗ್ರಾಂ-ಮೀಟರ್ ಆಗುತ್ತದೆ. .32 ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್‌ನ 98 ಗ್ರೇನ್ ವಾಡ್‌ಕಟರ್ 230 ಮೀಟರ್ ವೇಗದಲ್ಲಿ ಹೋದರೂ 1.5 ದಾಟುವುದಿಲ್ಲ. ಅಂದರೆ ಕೈಗೆ ಬರುವ ಪೆಟ್ಟು ಮೂರರಲ್ಲಿ ಒಂದು ಪಾಲು ಕಡಿಮೆ. .22 ಇನ್ನೂ ಹಗುರ, 0.8ರ ಸುಮಾರು, ಆದರೆ ಈ ಸ್ಪರ್ಧೆಗೆ ಅದರ ಕ್ಯಾಲಿಬರ್ ಸಾಲದು. 1896ರಲ್ಲಿ ಜೇಬಿನ ರಿವಾಲ್ವರ್‌ಗೆಂದು ಬಂದ .32 ಲಾಂಗ್‌ಗಾಗಿ ಇವತ್ತಿಗೂ ದುಬಾರಿ ಮ್ಯಾಚ್ ಪಿಸ್ತೂಲುಗಳನ್ನು ಮಾಡುತ್ತಿದ್ದಾರೆಂದರೆ, ಕಾರಣ ಈ ಹಗುರತನ. ನಾನೂ ಅದಕ್ಕೇ ಬಂದೆ.

ಕ್ಯಾಲಿಬರ್ ತೀರ್ಮಾನವಾದ ಮೇಲೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ನಿಜವಾದ ಕೆಲಸ ಶುರುವಾದದ್ದೇ ಆಮೇಲೆ.

ಮೊದಲ ತಪ್ಪು ಗಟ್ಟಿ ಗುಂಡು. ಸೀಸ ಗಟ್ಟಿಯಿದ್ದಷ್ಟೂ ಬ್ಯಾರಲ್‌ಗೆ ಅಂಟುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ, ಆಂಟಿಮನಿ ಬೆರೆಸಿ ಎರಕ ಹೊಯ್ದ, ತಳ ತುಂಬಿದ 0.312 ಇಂಚಿನ ಗುಂಡು ತಂದೆ. ನೂರು ಶಾಟ್ ಆಗುವಷ್ಟರಲ್ಲಿ ಗ್ರೂಪ್, ಅಂದರೆ ತೂತುಗಳ ಗುಂಪು, ಅಂಗೈಯಗಲ ಹರಡಿತು. ಪಿಸ್ತೂಲು ಖಾಲಿ ಮಾಡಿ, ಬಿಚ್ಚಿ, ಬೆಳಕು ಬಿಟ್ಟು ನೋಡಿದರೆ ಕಾರ್ಟ್ರಿಜ್ ಕೂರುವ ಚೇಂಬರ್ ಕಡೆಯ, ಬ್ಯಾರಲ್ ಒಳಗಿನ ಸುರುಳಿ ತೋಡುಗಳಾದ ರೈಫ್ಲಿಂಗ್‌ಗೆ ಸೀಸ ಬೆಳ್ಳಿ ತಗಡಿನಂತೆ ಮೆತ್ತಿಕೊಂಡಿತ್ತು. ಎಣ್ಣೆ ಹಚ್ಚಿದ ಮೆತ್ತನೆಯ ಸೀಸದ ತುಂಡೊಂದನ್ನು ಬ್ಯಾರಲ್‌ನಲ್ಲಿ ಮೆಲ್ಲಗೆ ತಳ್ಳಿ, ಹೊರಬಂದದ್ದನ್ನು ಮೈಕ್ರೋಮೀಟರ್‌ನಲ್ಲಿ ಅಳೆದೆ. ರೈಫ್ಲಿಂಗ್ ತೋಡಿನ ಅಳತೆ 0.313 ಇಂಚು ಇತ್ತು. ಗುಂಡೇ ಸಣ್ಣದು. ಸಂದಿನಲ್ಲಿ ನುಗ್ಗಿದ ಬಿಸಿ ಅನಿಲ ಗುಂಡಿನ ಮೈಯನ್ನು ಕೊರೆದು, ಕರಗಿದ ಸೀಸವನ್ನು ಗೋಡೆಗೆ ಬಳಿಯುತ್ತಿತ್ತು.

ಗಟ್ಟಿತನ ಇಲ್ಲಿ ಸಹಾಯ ಮಾಡಲಿಲ್ಲ, ಕೆಡಿಸಿತು. ಸ್ಪರ್ಧೆಗೆಂದು ಪೌಡರ್ ಕಡಿಮೆ ಹಾಕಿದ ಟಾರ್ಗೆಟ್ ಲೋಡಿನ ಒತ್ತಡ ಕಡಿಮೆ. ಅಷ್ಟು ಒತ್ತಡಕ್ಕೆ ಗಟ್ಟಿ ಗುಂಡು ಹಿಗ್ಗುವುದಿಲ್ಲ, ಸಂದು ಮುಚ್ಚುವುದಿಲ್ಲ. ಮೆತ್ತನೆಯ ಸೀಸದಲ್ಲಿ ಒತ್ತಿ ತಯಾರಿಸಿದ, ತಳದಲ್ಲಿ ಬಟ್ಟಲಿನಂತೆ ಗುಳಿಯಿರುವ ಹಾಲೋ ಬೇಸ್ ಗುಂಡಿನ ಗುಟ್ಟು ಇದೇ: ಅನಿಲ ಗುಳಿಯೊಳಗೆ ಒತ್ತಿ ತೆಳು ಅಂಚನ್ನು ಹೊರಕ್ಕೆ ಅರಳಿಸುತ್ತದೆ, ಅಂಚು ರೈಫ್ಲಿಂಗ್‌ಗೆ ಕಚ್ಚಿಕೊಳ್ಳುತ್ತದೆ. 0.314 ಇಂಚಿನ, 98 ಗ್ರೇನ್‌ನ ಹಾಲೋ ಬೇಸ್ ಹಾಕಿದ ದಿನದಿಂದ ಬ್ಯಾರಲ್‌ನಲ್ಲಿ ಬೆಳ್ಳಿ ಬಣ್ಣ ಕಾಣಲಿಲ್ಲ. ಹಾಗೆಂದು ಈ ಗುಂಡನ್ನು ಜಾಸ್ತಿ ವೇಗಕ್ಕೆ ಓಡಿಸಲು ಹೋಗಬಾರದು. ಒತ್ತಡ ಮಿತಿ ಮೀರಿದರೆ ಅಂಚು ವಿಪರೀತ ಅರಳುತ್ತದೆ, ಹರಿದು ಬ್ಯಾರಲ್‌ನಲ್ಲೇ ಉಳಿಯಲೂಬಹುದು.

ಎರಡನೇ ತಪ್ಪು ಪರೀಕ್ಷೆಯದು. ಮರಳಿನ ಚೀಲದ ಮೇಲೆ ಪಿಸ್ತೂಲಿಟ್ಟು ಮೂರು ಶಾಟ್ ಹೊಡೆದೆ, ಮೂರೂ ಒಂದೇ ತೂತಿನಲ್ಲಿ ಸೇರಿದಂತೆ ಕಂಡವು, ಖುಷಿಯಿಂದ ಆ ಲಾಟ್‌ನ (ಕಾರ್ಖಾನೆಯಲ್ಲಿ ಒಂದೇ ಸಲ ತಯಾರಾದ ಕಂತಿನ) ಪೆಟ್ಟಿಗೆಗಟ್ಟಲೆ ಕಾರ್ಟ್ರಿಜ್ ಕೊಂಡೆ. ಮೂರು ಶಾಟ್ ಅದೃಷ್ಟವನ್ನು ತೋರಿಸುತ್ತದೆ ಅಷ್ಟೇ. ಈಗ ಒಂದೊಂದಕ್ಕೂ ಹತ್ತು ಶಾಟ್‌ನ ಐದು ಗ್ರೂಪ್ ಹೊಡೆಯುತ್ತೇನೆ. ತೀರಾ ದೂರದ ಎರಡು ತೂತುಗಳ ನಡುವಿನ ಅಂತರದ ಜೊತೆಗೆ, ನಡುಬಿಂದುವಿನಿಂದ ಪ್ರತಿ ತೂತಿನ ದೂರದ ಸರಾಸರಿಯನ್ನೂ ಬರೆದಿಡುತ್ತೇನೆ. ಒಂದು ಕೆಟ್ಟ ಶಾಟ್ ಇಡೀ ತೀರ್ಪನ್ನು ತಿರುಗಿಸದಂತೆ ಕಾಯುವುದು ಈ ಎರಡನೇ ಅಂಕಿ.

ಚೀಲದ ಮೇಲೆ ಹೊಡೆದದ್ದಕ್ಕೂ ನಿಂತು ಹೊಡೆದದ್ದಕ್ಕೂ ಇನ್ನೊಂದು ವ್ಯತ್ಯಾಸವಿದೆ. .38ರ ಕೇಸ್ ದೊಡ್ಡದು, ಟಾರ್ಗೆಟ್ ಲೋಡಿನ ಪೌಡರ್ ಕೊಂಚವೇ. ಸ್ಪರ್ಧೆಯಲ್ಲಿ ಪಿಸ್ತೂಲನ್ನು 45 ಡಿಗ್ರಿ ಕೆಳಗಿಳಿಸಿ ನಿಂತಾಗ ಪೌಡರ್ ಗುಂಡಿನ ಕಡೆ ಜಾರುತ್ತದೆ, ಮೂತಿ ಮೇಲೆತ್ತಿ ಇಳಿಸಿದರೆ ಪ್ರೈಮರ್ ಕಡೆ. ಪ್ರೈಮರ್‌ನಿಂದ ದೂರವಿದ್ದರೆ ವೇಗ ಕಡಿಮೆಯಾಗುತ್ತದೆ. 220 ಮೀಟರ್ ವೇಗದ ಗುಂಡು 25 ಮೀಟರ್ ದಾಟುವಾಗ ಸುಮಾರು 63 ಮಿಲಿಮೀಟರ್ ಬೀಳುತ್ತದೆ. ವೇಗ 10 ಮೀಟರ್ ಇಳಿದರೆ ಇನ್ನೊಂದು 6 ಮಿಲಿಮೀಟರ್ ಬೀಳುತ್ತದೆ. ಹತ್ತರ ವೃತ್ತದ ನಡುವಿನಿಂದ ಅಂಚಿಗೆ 25 ಮಿಲಿಮೀಟರ್ ಇರುವಾಗ 6 ಪ್ರಾಣ ಹೋಗುವ ಅಂಕಿಯಲ್ಲ, ಆದರೆ ಸುಮ್ಮನೆ ಬಿಟ್ಟುಕೊಡುವುದೂ ಸರಿಯಲ್ಲ. .32ರ ಕೇಸೇ ಚಿಕ್ಕದು, ಗುಂಡೂ ಕೇಸಿನ ಬಾಯಿಗೆ ಸಮವಾಗಿ ಒಳಗೆ ಕೂತಿರುತ್ತದೆ, ಹಾಗಾಗಿ ಪೌಡರ್ ಓಡಾಡಲು ಜಾಗ ಕಡಿಮೆ. ಆದರೂ ಪರೀಕ್ಷೆಯಲ್ಲಿ ಪ್ರತಿ ಶಾಟ್‌ಗೆ ಮೊದಲು ಮೂತಿಯನ್ನು ಟಾರ್ಗೆಟ್ ಕಡೆಗೇ ಇಟ್ಟು ಕೆಳಗಿಳಿಸಿ, ಆಮೇಲೇ ಚೀಲದ ಮೇಲಿಡುತ್ತೇನೆ.

ಖಾಲಿ ಕೇಸಿಗೆ ತಾವೇ ಪೌಡರ್, ಗುಂಡು ತುಂಬಿ ರೀಲೋಡ್ ಮಾಡುವವರಿಗೆ ಇಲ್ಲೇ ಒಂದು ಮಾತು ಹೇಳಲೇಬೇಕು. ಸಣ್ಣ ಪೌಡರ್ ಅಳತೆ ಎರಡು ಸಲ ಬಿದ್ದರೂ .38ರ ಕೇಸ್ ತುಂಬಿ ಚೆಲ್ಲುವುದಿಲ್ಲ, ಹೊರಗಿನಿಂದ ಗೊತ್ತಾಗುವುದಿಲ್ಲ. ಗುಂಡು ಕೂರಿಸುವ ಮೊದಲು ಪ್ರತಿ ಕೇಸಿನೊಳಗೂ ದೀಪ ಹಿಡಿದು ನೋಡಿ. ಗುಂಡನ್ನು ಆಳಕ್ಕೆ ತಳ್ಳಿದರೂ ಒತ್ತಡ ಏರುತ್ತದೆ, ಆದ್ದರಿಂದ ಕೈಪಿಡಿಯಲ್ಲಿರುವ ಗುಂಡು, ಪೌಡರ್, ಉದ್ದ ಮೂರನ್ನೂ ಇದ್ದಂತೆಯೇ ಪಾಲಿಸಿ.

ಚೀಲದ ಮೇಲೆ ಕಡೆಗೆ ಉಳಿದದ್ದು ಎರಡು ಕಾರ್ಟ್ರಿಜ್. ಒಂದರ ಸರಾಸರಿ ಗ್ರೂಪ್ ಇನ್ನೊಂದಕ್ಕಿಂತ 4 ಮಿಲಿಮೀಟರ್ ಚಿಕ್ಕದು. ಆದರೆ ಅದರ ಗುಂಡಿನ ಅಂಚು ಕೇಸಿನ ಬಾಯಿಯಿಂದ ಕೂದಲೆಳೆಯಷ್ಟು ಹೊರಗಿತ್ತು. ತಳದಲ್ಲಿ ಹೊರಚಾಚಿದ ರಿಮ್ ಇರುವ ಕಾರ್ಟ್ರಿಜ್ ಮ್ಯಾಗಜೀನ್‌ನಿಂದ ಏರುವುದೇ ಕಷ್ಟ, ಅದರ ಜೊತೆಗೆ ಈ ಅಂಚು ಚೇಂಬರ್ ಬಾಯಿಗೆ ಎಡವುತ್ತಿತ್ತು. ಇನ್ನೂರು ಶಾಟ್‌ಗೆ ಎರಡು ಸಲ ಸಿಕ್ಕಿಕೊಂಡಿತು. ಇನ್ನೊಂದು ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ನಿಂತು ಹೊಡೆಯುವಾಗ ನನ್ನ ಕೈಯ ನಡುಕವೇ ಆ 4 ಮಿಲಿಮೀಟರ್‌ನ ಎಷ್ಟೋ ಪಟ್ಟು. ರ‍್ಯಾಪಿಡ್ ಸರಣಿಯ ಮಧ್ಯೆ ಪಿಸ್ತೂಲು ಕೈಕೊಟ್ಟರೆ ಹಾಳಾಗುವ ಲಯಕ್ಕೆ ಅಳತೆಯೇ ಇಲ್ಲ. ಎರಡನೆಯದನ್ನೇ ತೆಗೆದುಕೊಂಡೆ.

ಈಗ ಒಂದು ಋತುವಿಗೆ ಬೇಕಾದಷ್ಟನ್ನು ಒಂದೇ ಲಾಟ್‌ನಿಂದ ಕೊಂಡು, ಲಾಟ್ ನಂಬರನ್ನು ಗ್ರೂಪ್‌ಗಳ ಪಕ್ಕದಲ್ಲೇ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಮೊನ್ನೆ ಹೊಸ ಲಾಟ್ ಬಂತು. ಅದೇ ಕಂಪನಿ, ಅದೇ ಡಬ್ಬಿ, ಅದೇ 98 ಗ್ರೇನ್. ಗ್ರೂಪ್‌ನ ಅಗಲ ಹಳೆಯದರಷ್ಟೇ ಇದ್ದರೂ ನಡುಬಿಂದು 9 ಮಿಲಿಮೀಟರ್ ಮೇಲೆ ಬಿದ್ದಿತ್ತು. ಸೈಟ್ ಇಳಿಸಿ, ಹತ್ತು ಶಾಟ್ ಮತ್ತೆ ಹೊಡೆದು, ಹೊಸ ಅಂಕಿ ಬರೆದುಕೊಂಡೆ.