ಕೆಟ್ಟ ಪಂಪು ಬಿಚ್ಚುವ ಕೆಲಸ

ಎಂಜಿನಿಯರಿಂಗ್ ಮುಗಿಸಿದವರಿಂದ ನನಗೆ ಬರುವ ಪತ್ರಗಳು ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿರುತ್ತವೆ. ಬಡ ದೇಶಗಳಲ್ಲಿ ಕೆಲಸ ಮಾಡುವ ಆಸೆಯಿದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳುತ್ತಾರೆ. ಆಸೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಜೊತೆಗೆ ಕಳಿಸಿದ ಸ್ವವಿವರದ ತುಂಬ ಹೊಸ ಸೋಲಾರ್ ದೀಪ, ಹೊಸ ನೀರಿನ ಫಿಲ್ಟರ್, ಹೊಸ ಒಲೆ. ಹಳೆಯದೊಂದನ್ನು ಬಿಚ್ಚಿ ಸರಿಪಡಿಸಿದ ಸುದ್ದಿ ಹುಡುಕಿದರೂ ಸಿಗುವುದಿಲ್ಲ. ನಾನು ಈ ಕ್ಷೇತ್ರದಲ್ಲಿ ನೆಲೆ ಕಂಡುಕೊಂಡದ್ದು ಏನನ್ನೋ ಕಂಡುಹಿಡಿದು ಅಲ್ಲ. ಕೆಟ್ಟು ನಿಂತದ್ದನ್ನು ಬಿಚ್ಚಲು ಕಲಿತು. ಅದು ಹೇಗೆ ಆಯಿತೆಂಬುದನ್ನು ಬರೆದರೆ ಆ ಪತ್ರಗಳಿಗೆಲ್ಲ ಒಂದೇ ಉತ್ತರ ಆದೀತು.

ಶುರುವಾದದ್ದು ಮೇಜಿನ ಮುಂದೆ. ಬಡ ದೇಶಗಳ ಕೆಲಸಕ್ಕೆ ಎಂಜಿನಿಯರುಗಳ ನೆರವು ಒದಗಿಸುವ, ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್ ಎಂಬ ಹೆಸರಿನ ಸಂಘಟನೆಗಳು ಫ್ರಾನ್ಸ್‌ನಲ್ಲಿ 1982ರಲ್ಲಿ, ಕೆನಡಾದಲ್ಲಿ 2000ದಲ್ಲಿ, ಅಮೆರಿಕದಲ್ಲಿ 2002ರಲ್ಲಿ ಹುಟ್ಟಿಕೊಂಡವು. ಹೆಸರು ಒಂದಾದರೂ ಆಯಾ ದೇಶದ್ದು ಆಯಾ ದೇಶಕ್ಕೆ. ಕೆಲಸದ ರೀತಿಯೂ ಬೇರೆ. ವಿದ್ಯಾರ್ಥಿಯಾಗಿದ್ದಾಗ ನಾನು ಸೇರಿದ್ದು ಇಂಥದೇ ಧ್ಯೇಯದ ಒಂದು ಸಣ್ಣ ಗುಂಪು. ಅಲ್ಲಿ ನನ್ನ ಪಾಲಿಗೆ ಬಂದದ್ದು ಗುಡ್ಡದ ಒರತೆಯಿಂದ ಹಳ್ಳಿಗೆ ನೀರು ಇಳಿಸುವ ಯೋಜನೆಯೊಂದರ ಲೆಕ್ಕ ಪರಿಶೀಲನೆ. ಪಂಪಿಲ್ಲ, ವಿದ್ಯುತ್ತಿಲ್ಲ, ಇಳಿಜಾರೇ ನೀರನ್ನು ನೂಕಬೇಕು. ನಲ್ಲಿಗಳನ್ನೆಲ್ಲ ಮುಚ್ಚಿದಾಗ ಕಣಿವೆಯ ತಳದಲ್ಲಿ ಒತ್ತಡ ಎಷ್ಟಾಗುತ್ತದೆ? ಆರು ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ತಾಳುವ ಪೈಪು ಅದನ್ನು ತಡೆಯುತ್ತದೆಯೇ, ಹತ್ತು ಬಾರಿನದೇ ಬೇಕೇ? ಒತ್ತಡ ಇಳಿಸುವ ತೊಟ್ಟಿ ಎಲ್ಲಿ ಕೂರಬೇಕು, ದಿಬ್ಬದ ನೆತ್ತಿಯಲ್ಲಿ ಗಾಳಿ ಕಟ್ಟಿಕೊಳ್ಳದಂತೆ ವಾಲ್ವ್ ಎಲ್ಲಿ? ಕೆಲಸ ಇಷ್ಟೇ. ಪರೀಕ್ಷೆಗೆ ಓದಿದ ದ್ರವಶಾಸ್ತ್ರವೇ ಸಾಕಾಯಿತು.

ಸಾಕಾಗದೆ ಹೋದದ್ದು ಅಳತೆ. ನಕ್ಷೆಯಲ್ಲಿದ್ದ ಎತ್ತರಗಳೆಲ್ಲ ಕೈಯಲ್ಲಿ ಹಿಡಿಯುವ ಜಿಪಿಎಸ್‌ನವು. ಈ ಉಪಕರಣ ಜಾಗವನ್ನು ಸುಮಾರಾಗಿ ಸರಿಯಾಗಿಯೇ ತೋರಿಸುತ್ತದೆ, ಎತ್ತರದಲ್ಲಿ ಮಾತ್ರ ಹತ್ತು ಮೀಟರ್ ಆಚೀಚೆ ಆಗುವುದು ಮಾಮೂಲು. ನೀರಿನ ಲೆಕ್ಕದಲ್ಲಿ ಹತ್ತು ಮೀಟರ್ ಎಂದರೆ ಸರಿಸುಮಾರು ಒಂದು ಬಾರ್. ಹೆಚ್ಚಾದರೆ ಪೈಪು ಒಡೆಯುತ್ತದೆ, ಕಡಿಮೆಯಾದರೆ ಕೊನೆಯ ನಲ್ಲಿಗೆ ನೀರೇ ಏರುವುದಿಲ್ಲ. ಎತ್ತರ ಅಳೆಯುವ ಲೆವೆಲ್ ಉಪಕರಣ ಹಿಡಿದು ಮತ್ತೊಮ್ಮೆ ಅಳೆಯಿಸಬೇಕೆಂದು ಬರೆದೆ. ಅದಕ್ಕಾಗಿ ಪೈಪು ಖರೀದಿಯನ್ನೇ ಮುಂದೂಡಬೇಕಾಯಿತು. ಒರತೆಯ ಹರಿವನ್ನೂ ಮಳೆಗಾಲದಲ್ಲಿ ಅಳೆದಿದ್ದರು. ಬೇಸಿಗೆಯ ತುದಿಯಲ್ಲಿ ಇಪ್ಪತ್ತು ಲೀಟರ್ ಬಕೆಟ್ ಮತ್ತು ಸ್ಟಾಪ್‌ವಾಚ್ ಹಿಡಿದು ಅಳೆದಾಗ ಬಕೆಟ್ ತುಂಬಲು ನಲವತ್ತು ಸೆಕೆಂಡು ಹಿಡಿಯಿತು. ನೋಡಿದರೆ ಬೆರಳು ಗಾತ್ರದ ಧಾರೆ. ಆದರೆ ಸೆಕೆಂಡಿಗೆ ಅರ್ಧ ಲೀಟರ್ ಎಂದರೆ ದಿನಕ್ಕೆ 43,200 ಲೀಟರ್. ರಾತ್ರಿಯ ನೀರನ್ನು ಹಿಡಿದಿಡುವ ತೊಟ್ಟಿಯೊಂದಿದ್ದರೆ, ತಲೆಗೆ 30 ಲೀಟರಿನಂತೆ ಸಾವಿರದ ನಾನೂರು ಜನಕ್ಕೆ ಆದೀತು. ಮಳೆಗಾಲದ ಅಂಕಿಯನ್ನು ನಂಬಿದ್ದರೆ ತೊಟ್ಟಿಯೇ ಬೇಡವೆಂದು ತೀರ್ಮಾನವಾಗುತ್ತಿತ್ತು.

ಸ್ವಯಂಸೇವೆ ಎಂದರೆ ವಿಮಾನ ಹತ್ತುವುದು ಎಂದುಕೊಂಡವರಿಗೆ ಇದು ಸಪ್ಪೆ ಎನಿಸಬಹುದು. ನನ್ನ ಮಟ್ಟಿಗೆ, ಅನುಭವವಿಲ್ಲದ ಎಂಜಿನಿಯರ್ ನಿಜವಾಗಿ ಕೊಡಬಲ್ಲದ್ದು ಇದನ್ನೇ: ಇನ್ನೊಬ್ಬರಿಗೆ ಪುರುಸೊತ್ತಿಲ್ಲದ ಲೆಕ್ಕವನ್ನು ತಾಳ್ಮೆಯಿಂದ ಮರುಪರಿಶೀಲಿಸುವುದು. ಎರಡು ವಾರದ ಪ್ರವಾಸ ಹೋಗಿ ಇಟ್ಟಿಗೆ ಹೊರುವುದರ ಬಗ್ಗೆ ನನಗೆ ಮೊದಲಿನಿಂದಲೂ ಅಸಹನೆ. ಅಲ್ಲಿ ಗಾರೆ ಕೆಲಸದವರಿದ್ದಾರೆ, ನಮಗಿಂತ ನೆಟ್ಟಗೆ ಗೋಡೆ ಕಟ್ಟುತ್ತಾರೆ, ಅವರಿಗೆ ಕೂಲಿಯೂ ಬೇಕು.

ಆಮೇಲೆ ಹೊರಗೆ ಹೋದೆ. ದಾರಿಗಳು ಹಲವಿವೆ. ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ 1970ರಲ್ಲಿ ರೂಪುಗೊಂಡದ್ದು, ಕೇಂದ್ರ ಕಚೇರಿ ಜರ್ಮನಿಯ ಬಾನ್‌ನಲ್ಲಿದೆ. ವಿಪತ್ತಿನ ಸ್ಥಳಗಳಿಗೆ ಎಂಜಿನಿಯರುಗಳನ್ನು ತರಬೇತಿ ಕೊಟ್ಟು ಕಳಿಸಲೆಂದು 1980ರಲ್ಲಿ ಬ್ರಿಟನ್ನಿನಲ್ಲಿ ರೆಡ್‌ಆರ್ ಹುಟ್ಟಿತು. ಎಲ್ಲಿಗೆ ಅರ್ಜಿ ಹಾಕಿದರೂ ಕೇಳಿ ತಿಳಿಯಬೇಕಾದ ವಿಷಯಗಳು ಒಂದೇ: ಜೀವನ ಭತ್ಯೆ ಎಷ್ಟು, ವೈದ್ಯಕೀಯ ವಿಮೆ ಯಾರದು, ಗಂಭೀರ ಕಾಯಿಲೆ ಬಿದ್ದರೆ ಹೊರಗೆ ಸಾಗಿಸುವವರು ಯಾರು, ಮೇಲಧಿಕಾರಿ ಯಾರು. ಸೇವೆಯ ಮಾತಿನಲ್ಲಿ ದುಡ್ಡಿನ ಪ್ರಶ್ನೆ ಕೇಳಲು ಹುಡುಗರು ಸಂಕೋಚಪಡುತ್ತಾರೆ. ಸಂಕೋಚ ಬೇಡ. ಮನೆಯಿಂದ ದುಡ್ಡು ತರಿಸಿಕೊಳ್ಳಬಲ್ಲವರು ಮಾತ್ರ ಸೇವೆ ಮಾಡಬಹುದಾದ ಏರ್ಪಾಟು ನ್ಯಾಯದ್ದಲ್ಲ.

ನನ್ನನ್ನು ಹಾಕಿದ್ದು ಒಂದು ಜಿಲ್ಲಾ ನೀರು ಕಚೇರಿಗೆ, ಅಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರ ಕೈಕೆಳಗೆ. ಕೈಕೆಳಗೆ ಎಂಬುದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಸಲಹೆಗಾರ ಎಂಬ ಪದವಿ ಹೊತ್ತು ಹೋಗಿದ್ದರೆ ಅವರು ನನಗೆ ಕುರ್ಚಿ ಕೊಟ್ಟು ಸುಮ್ಮನಾಗುತ್ತಿದ್ದರು. ಸಹಾಯಕನಾದ್ದರಿಂದ ಸ್ಪ್ಯಾನರ್ ಕೊಟ್ಟರು. ಕೆಲಸ, ಜಿಲ್ಲೆಯ ಕೈಪಂಪುಗಳ ತಪಾಸಣೆ. 2009ರಲ್ಲಿ ಗ್ರಾಮೀಣ ನೀರು ಪೂರೈಕೆಯ ಅಂತರರಾಷ್ಟ್ರೀಯ ಜಾಲವೊಂದು ಸಹಾರಾದ ದಕ್ಷಿಣದ ಇಪ್ಪತ್ತು ಆಫ್ರಿಕನ್ ದೇಶಗಳ ಅಂಕಿಗಳನ್ನು ಒಟ್ಟುಗೂಡಿಸಿದಾಗ, ಕೈಪಂಪುಗಳಲ್ಲಿ ಸುಮಾರು ಶೇ. 36ರಷ್ಟು ಕೆಲಸ ಮಾಡುತ್ತಿಲ್ಲವೆಂದು ಕಂಡಿತ್ತು. ಆ ಅಂಕಿಯನ್ನು ನಾನು ಓದಿಕೊಂಡೇ ಹೋಗಿದ್ದೆ. ಏಕೆ ಕೆಲಸ ಮಾಡುತ್ತಿಲ್ಲ ಎಂಬುದು ಪಂಪನ್ನು ಬಿಚ್ಚುವವರೆಗೆ ಗೊತ್ತಿರಲಿಲ್ಲ.

ಇಂಡಿಯಾ ಮಾರ್ಕ್ 2 ಪಂಪನ್ನೇ ತೆಗೆದುಕೊಳ್ಳಿ. 1970ರ ದಶಕದಲ್ಲಿ ಭಾರತದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡು ಹತ್ತಾರು ದೇಶಗಳಿಗೆ ಹರಡಿದ ಗಟ್ಟಿ ಪಂಪು ಅದು. ಕೈಹಿಡಿಯ ಭಾಗಕ್ಕೆ ಸುಲಭವಾಗಿ ಏನೂ ಆಗುವುದಿಲ್ಲ. ಸವೆಯುವುದು ಕೆಳಗೆ, ನೀರಿನೊಳಗಿನ ಸಿಲಿಂಡರಿನಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿನ ವಾಷರ್. ಅಂಗೈಯಲ್ಲಿ ಮುಚ್ಚಿಡಬಹುದಾದ ಬಟ್ಟಲಿನಾಕಾರದ ಬಿಲ್ಲೆ. ಅದನ್ನು ಬದಲಿಸಬೇಕಾದರೆ ಇಡೀ ಪೈಪುಸಾಲನ್ನು ಮೇಲೆತ್ತಬೇಕು, ಏಕೆಂದರೆ ಸಿಲಿಂಡರ್ ಪೈಪಿಗಿಂತ ದಪ್ಪ, ಪಿಸ್ಟನ್ ಪೈಪಿನೊಳಗಿಂದ ಬರುವುದಿಲ್ಲ. ನಲವತ್ತೈದು ಮೀಟರ್ ಆಳವೆಂದರೆ ಮೂರು ಮೀಟರಿನ ಹದಿನೈದು ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು. ಒಳಗಿನ ಸರಳೂ ಸೇರಿ ನೂರೈವತ್ತು ಕಿಲೋ ದಾಟುತ್ತದೆ. ಮೇಲೆತ್ತುವ ಉಪಕರಣಗಳು ಬೇಕು, ಗುಂಪು ಬೇಕು, ಅದನ್ನೆಲ್ಲ ಹೊತ್ತು ತರುವ ವಾಹನ ಬೇಕು, ವಾಹನಕ್ಕೆ ಡೀಸೆಲ್ ಬೇಕು. ಡೀಸೆಲ್ಲಿನ ಮಂಜೂರಾತಿ ಬರುವವರೆಗೆ ಆ ಒಂದು ಬಿಲ್ಲೆಗಾಗಿ ಹಳ್ಳಿ ಮತ್ತೆ ಹಳ್ಳದ ನೀರು ಕುಡಿಯುತ್ತದೆ.

ಇದೇ ಕಷ್ಟ ಕಂಡು 1980ರ ದಶಕದಲ್ಲಿ ಪೂರ್ವ ಆಫ್ರಿಕಾದಲ್ಲಿ ಆಫ್ರಿಡೆವ್ ಎಂಬ ಪಂಪನ್ನು ರೂಪಿಸಿದರು. ಅದರ ಪ್ಲಾಸ್ಟಿಕ್ ಪೈಪು ಸಿಲಿಂಡರಿಗಿಂತ ಅಗಲ. ಪೈಪು ಅಲ್ಲೇ ಇರುತ್ತದೆ, ಸರಳುಗಳನ್ನು ಒಂದೊಂದಾಗಿ ಎಳೆದರೆ ಪಿಸ್ಟನ್ ಮೇಲೆ ಬರುತ್ತದೆ. ದೊಡ್ಡ ಸ್ಪ್ಯಾನರ್ ಒಂದಿದ್ದರೆ ಬಿಚ್ಚಬಹುದು. ಊರಿನ ಇಬ್ಬರು ಹೆಂಗಸರು ನನ್ನೆದುರು ಪಿಸ್ಟನ್ ತೆಗೆದು, ರಬ್ಬರ್ ಬದಲಿಸಿ, ಮತ್ತೆ ಕೂಡಿಸಿದರು; ನಾನು ಮಾಡಿದ್ದು ಸರಳುಗಳನ್ನು ಮಣ್ಣಿಗೆ ತಾಗದಂತೆ ಹಿಡಿದು ನಿಂತದ್ದು. ವಿನ್ಯಾಸ ಎಂದರೆ ಏನೆಂದು ಅಂದು ಅರಿವಾದಷ್ಟು ನನಗೆ ತರಗತಿಯಲ್ಲಿ ಆಗಿರಲಿಲ್ಲ. ಬಾಳಿಕೆಯ ದೃಷ್ಟಿಯಿಂದ ಮಾರ್ಕ್ 2 ಕಡಿಮೆಯದೇನಲ್ಲ. ಅದನ್ನು ಮಾಡಿದವರು ದುರಸ್ತಿಗೆ ವಾಹನ ಬರುತ್ತದೆ ಎಂದುಕೊಂಡರು, ಇದನ್ನು ಮಾಡಿದವರು ಬರುವುದಿಲ್ಲ ಎಂದುಕೊಂಡರು.

ಕೆಲವು ಪಂಪುಗಳು ಕೆಟ್ಟಿರಲಿಲ್ಲ, ಆದರೂ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ನೀರು ಕೆಂಪು, ಬಟ್ಟೆಗೆ ಕಲೆ, ಬಾಯಿಗೆ ಕಬ್ಬಿಣದ ರುಚಿ. ನೆಲದಲ್ಲೇ ಕಬ್ಬಿಣವಿದೆ, ಬಾವಿ ಬಿಟ್ಟುಬಿಡಿ ಎಂದು ಹಿಂದೆ ಬಂದ ತಂಡವೊಂದು ಷರಾ ಬರೆದು ಹೋಗಿತ್ತು. ಮೆಕ್ಯಾನಿಕ್ ಒಪ್ಪಲಿಲ್ಲ. “ಬೆಳಿಗ್ಗೆ ಯಾರೂ ಪಂಪು ಮುಟ್ಟುವ ಮೊದಲು ಬನ್ನಿ” ಎಂದರು. ಹೋದೆವು. ಮೊದಲ ಬಾಟಲಿಯ ನೀರು ಇಟ್ಟಿಗೆ ಕದಡಿದಂತಿತ್ತು. ಹುಡುಗರನ್ನು ಸರದಿಯಲ್ಲಿ ನಿಲ್ಲಿಸಿ ಪಂಪು ಹೊಡೆಸುತ್ತ ಹೋದಂತೆ ಬಣ್ಣ ತಿಳಿಯಾಯಿತು. ಕಬ್ಬಿಣ ನೆಲದೊಳಗಿನದಾಗಿದ್ದರೆ ಹಾಗೆ ಬಹುಮಟ್ಟಿಗೆ ಇಳಿಯಬಾರದಿತ್ತು. ಅದು ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರು ಕರಗಿಸಿಕೊಂಡ ತುಕ್ಕು. ನೀರಿನ ಹುಳಿಯನ್ನು ತೋರಿಸುವ ಪಿಎಚ್ ಅಂಕಿ ನೋಡಿದರೆ ಆರೂವರೆಗಿಂತ ಕೆಳಗೆ. ಅಂಥ ಹುಳಿ ನೀರಿನಲ್ಲಿ ಸತುವಿನ ಲೇಪ ಹೆಚ್ಚು ದಿನ ನಿಲ್ಲುವುದಿಲ್ಲ. ಪೈಪು ಎತ್ತಿದಾಗ ಜೋಡಣೆಯ ತಿರುಪಿನ ಎಳೆಗಳೇ ತಿಂದುಹೋಗಿದ್ದವು. ಬೇಕಾಗಿದ್ದದ್ದು ಹೊಸ ಬಾವಿಯಲ್ಲ, ತುಕ್ಕು ಹಿಡಿಯದ ಪೈಪು. ಎರಡು ಬಾಟಲಿ, ಒಂದು ಪಿಎಚ್ ಪಟ್ಟಿ, ಬೆಳಗಿನ ಜಾವದ ನಿದ್ದೆ: ಈ ನಿರ್ಣಯಕ್ಕೆ ತಗುಲಿದ ಖರ್ಚು ಇಷ್ಟೇ.

ಒಂದು ಪಂಪಿಗೆ ಎಷ್ಟು ಜನ ಎಂಬುದಕ್ಕೂ ಲೆಕ್ಕವಿದೆ. ವಿಪತ್ತಿನ ನೆರವಿನಲ್ಲಿ ಎಲ್ಲರೂ ನೋಡುವ ಸ್ಫಿಯರ್ ಮಾನದಂಡ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್, ನಿಮಿಷಕ್ಕೆ 17 ಲೀಟರ್ ಕೊಡುವ ಕೈಪಂಪಿಗೆ ಹೆಚ್ಚೆಂದರೆ 500 ಜನ ಎನ್ನುತ್ತದೆ. ಗುಣಿಸಿ ನೋಡಿದರೆ ಬಿಡುವಿಲ್ಲದೆ ಏಳು ಗಂಟೆಗೂ ಹೆಚ್ಚು ಕಾಲ ಪಂಪು ಹೊಡೆಯಬೇಕು. ಕಡತದಲ್ಲಿ ಸಲೀಸಾಗಿ ಕೂರುವ 500 ಎಂಬ ಸಂಖ್ಯೆ ವಾಷರಿನ ಪಾಲಿಗೆ ಏನೆಂದು ಆಗ ತಿಳಿಯುತ್ತದೆ. ಸವೆತದ ದಿನಾಂಕವನ್ನು ಮೊದಲೇ ಅಂದಾಜಿಸಿ, ಕೆಡುವ ಮೊದಲೇ ಬದಲಿಸುವ ಪಟ್ಟಿಯೊಂದನ್ನು ನಾವು ಈ ಲೆಕ್ಕದಿಂದಲೇ ಮಾಡಿದೆವು.

ಇದೇ ಗುಣಾಕಾರವನ್ನು ದೊಡ್ಡವರು ಮಾಡದೆ ಹೋದದ್ದೂ ಉಂಟು. ಮಕ್ಕಳು ಆಡುತ್ತ ತಿರುಗಿಸಿದರೆ ನೀರು ಮೇಲೆ ಬರುವ ಪ್ಲೇಪಂಪ್ ದಕ್ಷಿಣ ಆಫ್ರಿಕಾದ್ದು. 2006ರಲ್ಲಿ ಅಮೆರಿಕದಲ್ಲಿ ಅದಕ್ಕೆ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು, ನಾಲ್ಕು ಸಾವಿರ ಪಂಪು ಕೂರಿಸುವ ಗುರಿಯಿತ್ತು. ಒಂದು ಪಂಪು 2,500 ಜನಕ್ಕೆ ಎನ್ನುತ್ತಿದ್ದರು. ಗಂಟೆಗೆ 1,400 ಲೀಟರ್ ಕೊಡುತ್ತದೆ ಎನ್ನುತ್ತಿದ್ದರು. 2,500ನ್ನು 15ರಿಂದ ಗುಣಿಸಿ 1,400ರಿಂದ ಭಾಗಿಸಿ. ಮಕ್ಕಳು ದಿನಕ್ಕೆ ಹತ್ತಿರ ಹತ್ತಿರ ಇಪ್ಪತ್ತೇಳು ಗಂಟೆ ಆಡಬೇಕು. 2009ರಲ್ಲಿ ಬ್ರಿಟಿಷ್ ಪತ್ರಿಕೆಯೊಂದು ಈ ಲೆಕ್ಕವನ್ನು ಅಚ್ಚು ಹಾಕಿತು. ಎಂಜಿನಿಯರಿಂಗ್ ಮೊದಲ ವರ್ಷದವರೂ ಕಾಗದದ ಹಿಂಬದಿಯಲ್ಲಿ ಮಾಡಬಹುದಾದ ಭಾಗಾಕಾರ! ಹೊಸ ಸಾಧನದ ಚಿತ್ರ ಕಳಿಸಿ ಅಭಿಪ್ರಾಯ ಕೇಳುವವರಿಗೆ ನಾನು ಮೊದಲು ಕೇಳುವುದು ಇಂಥ ಒಂದು ಭಾಗಾಕಾರವನ್ನು.

ಯಂತ್ರಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಬಿಡಿಭಾಗದ ಸರಬರಾಜು ಮತ್ತು ನೀರು ಸಮಿತಿಯ ಲೆಕ್ಕಪುಸ್ತಕ. ವಾಷರ್ ಅಗ್ಗ, ಆದರೆ ಮಾರಾಟ ಅಪರೂಪವಾದ್ದರಿಂದ ಯಾವ ಅಂಗಡಿಯವರೂ ತರಿಸಿಡುವುದಿಲ್ಲ. ಸಮಿತಿ ಮನೆಮನೆಯಿಂದ ದುಡ್ಡು ಎತ್ತುತ್ತದೆ. ಪಂಪು ಚೆನ್ನಾಗಿರುವಷ್ಟು ದಿನ ದುಡ್ಡು ಸುಮ್ಮನೆ ಕೂರುತ್ತದೆ, ಸುಮ್ಮನೆ ಕೂತ ದುಡ್ಡಿನ ಮೇಲೆ ಎಲ್ಲರಿಗೂ ಅನುಮಾನ. ಎರಡು ಸಮಿತಿಗಳು ಜಗಳವಾಡಿ ವಸೂಲಿಯನ್ನೇ ನಿಲ್ಲಿಸಿದ್ದವು. ಮೆಕ್ಯಾನಿಕ್ ಕಂಡುಕೊಂಡ ಉಪಾಯ ಸರಳವಾಗಿತ್ತು: ದುಡ್ಡು ಕೂಡಿಡುವ ಬದಲು ಮೊದಲ ವಸೂಲಿಯಿಂದಲೇ ಒಂದು ಜೊತೆ ವಾಷರ್ ಕೊಂಡು ಊರಿನಲ್ಲೇ ಇಡುವುದು. ವಸ್ತು ಕಣ್ಣಿಗೆ ಕಾಣುತ್ತದೆ, ಅನುಮಾನಕ್ಕೆ ಎಡೆಯಿಲ್ಲ. ಪುಸ್ತಕದ ಕಾಲಂಗಳನ್ನು ಗೆರೆ ಹೊಡೆದು ಕೊಟ್ಟವನು ನಾನು. ಆ ಕೆಲಸದಲ್ಲಿ ನನ್ನ ಪದವಿಗೆ ಯಾವ ಬೆಲೆಯೂ ಇರಲಿಲ್ಲ, ಕೈಬರಹಕ್ಕೆ ಇತ್ತು.

ಹೊರಗಿನಿಂದ ಬಂದವನಿಗೆ ಕೆಲವು ಅನುಕೂಲಗಳೂ ಇವೆ, ಅದನ್ನು ಮುಚ್ಚಿಡಬೇಕಿಲ್ಲ. ಸ್ಥಳೀಯ ಎಂಜಿನಿಯರ್ ಹತ್ತು ಬಾರಿ ಬರೆದರೂ ಮೇಲೆ ಏರದ ಕಾಗದ, ನಾನು ಒಂದು ಸಲ ಬರೆದರೆ ದಾನಿ ಸಂಸ್ಥೆಯ ಮೇಜಿಗೆ ಹೋಗುತ್ತಿತ್ತು. ಇದು ನ್ಯಾಯವಲ್ಲ, ಆದರೆ ಇದ್ದದ್ದು ಹಾಗೆ. ಆದ್ದರಿಂದ ವರದಿಯಲ್ಲಿ ಮೆಕ್ಯಾನಿಕ್ ಅವರ ಹೆಸರನ್ನು ಮೊದಲು ಹಾಕಿದೆ, ಕೆಂಪು ನೀರಿನ ಪರೀಕ್ಷೆ ಅವರದೆಂದು ಬರೆದೆ. ಪೈಪಿನ ಹಣ ಮಂಜೂರಾದ ಸಭೆಗೆ ಹೋದವರೂ ಅವರೇ.

ಆ ಅವಧಿ ಮುಗಿದ ಮೇಲೆ ಸಂಬಳದ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ನನ್ನ ಆದರ್ಶಗಳನ್ನು ಯಾರೂ ಕೇಳಲಿಲ್ಲ. ಟೆಂಡರ್ ಕಡತ ಬರೆಯಬಲ್ಲೆಯಾ, ಸಾಮಗ್ರಿಯ ಪಟ್ಟಿ ಮಾಡಬಲ್ಲೆಯಾ, ಗುತ್ತಿಗೆದಾರ ತೆಳು ಪೈಪು ತಂದಿಳಿಸಿದರೆ ಏನು ಮಾಡುತ್ತೀ ಎಂದು ಕೇಳಿದರು. ಕೊನೆಯದಕ್ಕೆ ಉತ್ತರ, ಲಾರಿಯಿಂದ ಇಳಿಸುವ ಮೊದಲೇ ಪೈಪಿನ ಗೋಡೆಯ ದಪ್ಪವನ್ನು ಕ್ಯಾಲಿಪರ್ ಹಿಡಿದು ಅಳೆಯುವುದು. ಇಳಿಸಿ ಸಹಿ ಹಾಕಿದ ಮೇಲೆ ವಾಪಸು ಕಳಿಸುವುದು ಬಹಳ ಕಷ್ಟ. ಇಂಥ ಕೆಲಸಗಳು ಕಾಲೇಜಿನಲ್ಲಿ ಸಿಗುವುದಿಲ್ಲ, ಆದರೆ ಯಾವುದೇ ಸಾಧಾರಣ ನಿರ್ಮಾಣ ಕಂಪನಿಯಲ್ಲಿ ಸಿಗುತ್ತವೆ. ಹಾಗಾಗಿ, ನೇರ ವಿದೇಶಕ್ಕೆ ಹಾರುವ ಮೊದಲು ಒಂದೆರಡು ವರ್ಷ ಅಲ್ಲಿ ದುಡಿಯಿರಿ ಎಂದು ಹೇಳುತ್ತೇನೆ. ಕೇಳಿದವರ ಮುಖ ಸಣ್ಣದಾಗುತ್ತದೆ.

ಈಗ ಸ್ವಯಂಸೇವಕರ ಅರ್ಜಿಗಳನ್ನು ನೋಡುವ ಸರದಿ ನನ್ನದು. ಕೆನಡಾದ ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್ 2008ರಿಂದ ತನ್ನ ವೈಫಲ್ಯಗಳ ವರದಿಯನ್ನು ತಾನೇ ಪ್ರಕಟಿಸತೊಡಗಿತು. ಸಂದರ್ಶನಕ್ಕೆ ಮುಂಚೆ ಅಂಥದೊಂದು ವರದಿಯನ್ನು ಓದಿ ಬರಲು ಹೇಳುತ್ತೇನೆ. ಜೊತೆಗೆ ಒಂದು ಸಣ್ಣ ಕೆಲಸ ಕೊಡುತ್ತೇನೆ: ನಿಮ್ಮ ಸುತ್ತಮುತ್ತ ಕೆಟ್ಟು ನಿಂತ ಯಾವುದಾದರೊಂದು ಸಾರ್ವಜನಿಕ ಸಾಧನವನ್ನು ಹುಡುಕಿ, ಅದು ನಿಂತ ಕಾರಣ, ಅದರ ಬಿಡಿಭಾಗ ಸಿಗುವ ಜಾಗ, ದುರಸ್ತಿಯ ದುಡ್ಡು ಕೊಡಬೇಕಾದವರು ಯಾರು ಎಂಬುದನ್ನು ಒಂದು ಪುಟದಲ್ಲಿ ಬರೆದು ತನ್ನಿ. ಹೆಚ್ಚಿನವರು ಕಾರಣದವರೆಗೆ ಚೆನ್ನಾಗಿ ಬರೆಯುತ್ತಾರೆ. ದುಡ್ಡು ಕೊಡಬೇಕಾದವರನ್ನು ಹೋಗಿ ಕಂಡು ಮಾತಾಡಿಸಿ ಬಂದವರನ್ನು ನಾನು ಆರಿಸುತ್ತೇನೆ.