ಆಲೂಗಡ್ಡೆಯಿಂದ ದೀಪ ಹೊತ್ತಿಸುವುದು ಹೇಗೆ?

ಹಾಸನದ ಕಡೆ ಮುಂಗಾರಿನ ಆಲೂಗಡ್ಡೆ ಅಗೆಯುವಾಗ ಗುದ್ದಲಿ ಏಟು ಬಿದ್ದ ಗೆಡ್ಡೆಗಳು ಸಿಕ್ಕೇ ಸಿಗುತ್ತವೆ. ಅವುಗಳಲ್ಲಿ ನಾಲ್ಕನ್ನು ಎತ್ತಿಡಿ. ಬ್ಯಾಟರಿ ಹೇಗೆ ಕೆಲಸ ಮಾಡುತ್ತದೆ ಅಂತ ಮಕ್ಕಳಿಗೆ ತೋರಿಸಲು ಅಷ್ಟು ಸಾಕು.

ಹಾರ್ಡ್‌ವೇರ್ ಅಂಗಡಿಯಿಂದ ನಾಲ್ಕು ಜಿಐ ಮೊಳೆ ತನ್ನಿ. ಅವುಗಳ ಮೇಲೆ ಸತುವಿನ ಲೇಪ ಇರುತ್ತದೆ. ವೈರಿಂಗ್ ಮಾಡುವವರ ಹತ್ತಿರ ದಪ್ಪ ತಾಮ್ರದ ತಂತಿಯ ತುಂಡು ಕೇಳಿ, ಸ್ಯಾಂಡ್‌ಪೇಪರ್‌ನಲ್ಲಿ ಚೆನ್ನಾಗಿ ಉಜ್ಜಿ. ಎರಡು ತಂತಿಕಾಲು ಇರುವ ಪುಟ್ಟ ಎಲ್‌ಇಡಿ ದೀಪವೊಂದೂ ಬೇಕು, ಅದು ಮಾತ್ರ ಕೆಂಪಿನದೇ ಇರಲಿ. ಬಿಳಿ, ನೀಲಿ ದೀಪಗಳಿಗೆ ಜಾಸ್ತಿ ವೋಲ್ಟ್ ಬೇಕು.

ಗೆಡ್ಡೆಗಳನ್ನು ಬೇಯಿಸಿ ಆರಿಸಿಕೊಳ್ಳಿ. ಬೆಂದಾಗ ಒಳಗಿನ ಪೊರೆಗಳು ಒಡೆದು ವಿದ್ಯುತ್ತಿಗೆ ಅಡ್ಡಿ ಕಡಿಮೆಯಾಗುತ್ತದೆ. ತೀರಾ ಮೆತ್ತಗಾದರೆ ಮೊಳೆ ನಿಲ್ಲುವುದಿಲ್ಲ.

ಒಂದೊಂದು ಗೆಡ್ಡೆಗೂ ಒಂದು ಮೊಳೆ, ಒಂದು ತಾಮ್ರದ ತುಂಡು ಚುಚ್ಚಿ. ಒಳಗೆ ಅವೆರಡೂ ತಾಗಬಾರದು. ಮೊದಲ ಗೆಡ್ಡೆಯ ತಾಮ್ರವನ್ನು ಎರಡನೆಯದರ ಮೊಳೆಗೆ ವೈರಿನಿಂದ ಸೇರಿಸಿ, ಹೀಗೇ ಕೊನೆಯವರೆಗೂ ಹೋಗಿ. ಮಕ್ಕಳು ಒಂದೇ ಗೆಡ್ಡೆಗೆ ನಾಲ್ಕು ಜೋಡಿ ಚುಚ್ಚಿಬಿಡುತ್ತಾರೆ. ಹಾಗೆ ಮಾಡಿದರೆ ವೋಲ್ಟ್ ಕೂಡುವುದಿಲ್ಲ, ಗೆಡ್ಡೆ ಬೇರೆಬೇರೆಯೇ ಆಗಬೇಕು. ಒಂದರಿಂದ ಸಿಗುವುದು ಸುಮಾರು 0.9 ವೋಲ್ಟ್, ಕೆಂಪು ಎಲ್‌ಇಡಿಗೆ 2 ವೋಲ್ಟ್‌ನಷ್ಟು ಬೇಕು.

ಕೊನೆಗೆ ಉಳಿದ ತಾಮ್ರಕ್ಕೆ ಎಲ್‌ಇಡಿಯ ಉದ್ದ ಕಾಲು, ಉಳಿದ ಮೊಳೆಗೆ ಗಿಡ್ಡ ಕಾಲು ಕಟ್ಟಿ. ಬೆಳಕು ಮಂದ. ಕೋಣೆ ಕತ್ತಲು ಮಾಡಿ ನೋಡಿ. ಹತ್ತದಿದ್ದರೆ ಕಾಲು ಅದಲುಬದಲಾಗಿದೆಯಾ, ಜಾಯಿಂಟ್ ಸಡಿಲವಿದೆಯಾ ನೋಡಿ.

ಕರೆಂಟು ಆಲೂಗಡ್ಡೆಯಿಂದ ಬಂತು ಅನ್ನಿಸುತ್ತದೆ, ಅಲ್ವಾ? ಶಕ್ತಿ ಇರುವುದು ಸತುವಿನಲ್ಲಿ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು. ಸತುವಿನ ಪ್ರತಿ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ರಸದಲ್ಲಿ ಕರಗುತ್ತದೆ. ಆ ಎಲೆಕ್ಟ್ರಾನುಗಳು ವೈರಿನಲ್ಲಿ ಹರಿದು, ದಾರಿಯಲ್ಲಿ ದೀಪ ಹೊತ್ತಿಸಿ, ತಾಮ್ರ ತಲುಪುತ್ತವೆ. ಅಲ್ಲಿ ರಸದ ಹುಳಿಯಲ್ಲಿರುವ ಹೈಡ್ರೋಜನ್ ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು, ಆ ಎಲೆಕ್ಟ್ರಾನುಗಳನ್ನು ತೆಗೆದುಕೊಂಡು ಅನಿಲವಾಗುತ್ತವೆ. ಸತುವಿನ ರಾಸಾಯನಿಕ ಶಕ್ತಿ ವಿದ್ಯುತ್ತಾಗುವುದು ಹೀಗೆ. ಗೆಡ್ಡೆಯ ಕೆಲಸ ಅಯಾನುಗಳಿಗೆ ಒಳಗೆ ಓಡಾಡಲು ದಾರಿ ಕೊಡುವುದು. 1800ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನ ಬಟ್ಟೆ ಇಟ್ಟೇ ಬ್ಯಾಟರಿ ಮಾಡಿದ್ದ.

ಮುಗಿದ ಮೇಲೆ ಆ ಗೆಡ್ಡೆಗಳನ್ನು ತಿನ್ನಬೇಡಿ, ದನಕ್ಕೂ ಹಾಕಬೇಡಿ. ಕರಗಿದ ಸತು ಅದರೊಳಗೇ ಇರುತ್ತದೆ.