ಕಲಬುರಗಿಗೆ ವಾಪಸ್ ಬರುವ ಮುನ್ನ ಶಾಲೆ ನೋಡುವುದು ಹೇಗೆ

ಪುಣೆ, ಹೈದರಾಬಾದ್, ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಊರಿಗೆ ಮರಳುವ ಮಾತು ಬಂದಾಗ ಫೋನ್ ಮಾಡಿ ಕೇಳುವುದು ಒಂದೇ: "ಟೀಚರ್, ಮಕ್ಕಳ ಸಾಲಿ ಗತಿ ಏನ್ರಿ?" ನಾನು ಜೇವರ್ಗಿ ತಾಲೂಕಿನ ಸರಕಾರಿ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಬೇರೆ ಬೇರೆ ಶಾಲೆಗಳಿಂದ ಎಂಟನೇ ತರಗತಿಗೆ ಬರುತ್ತಿದ್ದ ಮಕ್ಕಳನ್ನು ನೋಡಿ ಯಾವ ಶಾಲೆ ಏನು ಕಲಿಸಿದೆ ಅಂತ ಅಳೆಯುವುದು ನನಗೆ ರೂಢಿಯಾಗಿತ್ತು. ಅದೇ ಕಣ್ಣಿನಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಹೆದರುವ ಸಂಗತಿ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಗೆ ನಿಂತಿತು, ಶೇ 42.43. ಹಿಂದಿನ ವರ್ಷ ಆ ಜಾಗದಲ್ಲಿ ಯಾದಗಿರಿ ಇತ್ತು. ಇದು ನೋವಿನ ವಿಷಯ, ಮುಚ್ಚಿಡಬೇಕಾಗಿಲ್ಲ. ಆದರೆ ನಿಮ್ಮ ಮಗು ಸೇರುವುದು ಜಿಲ್ಲೆಗಲ್ಲ, ಒಂದು ಶಾಲೆಗೆ. ಚಿಂಚೋಳಿಯ ತಾಂಡಾದ ಶಾಲೆ, ಅಫಜಲಪುರದ ಹೊಳೆದಂಡೆಯ ಶಾಲೆ, ಸೇಡಂ ರಸ್ತೆಯ ದೊಡ್ಡ ಖಾಸಗಿ ಶಾಲೆ, ಎಲ್ಲವನ್ನೂ ಕೂಡಿಸಿ ತೆಗೆದ ಸರಾಸರಿ ಅದು. ಅದರಿಂದ ನಿಮಗೆ ಬೇಕಾದ ಉತ್ತರ ಸಿಗುವುದಿಲ್ಲ.

ಗೇಟಿನ ಮುಂದೆ ಹಾಕಿರುವ "ಶೇ 100 ಫಲಿತಾಂಶ" ಫ್ಲೆಕ್ಸಿನಿಂದಲೂ ಸಿಗುವುದಿಲ್ಲ. ಆಫೀಸಿನಲ್ಲಿ ಕೂತು ಸಮಾಧಾನವಾಗಿ ಒಂದು ಲೆಕ್ಕ ಕೇಳಿ. ಈ ವರ್ಷ ಹತ್ತನೇ ತರಗತಿ ಪರೀಕ್ಷೆಗೆ ಕೂತವರು ಎಷ್ಟು ಜನ? ಇದೇ ಬ್ಯಾಚು ಎಂಟನೇ ತರಗತಿಯಲ್ಲಿದ್ದಾಗ ಎಷ್ಟು ಜನ ಇದ್ದರು? ಎಂಟರಲ್ಲಿ ಅರವತ್ತು ಇದ್ದವರು ಹತ್ತಕ್ಕೆ ಬರುವಾಗ ಮೂವತ್ತೈದಾಗಿದ್ದರೆ, ಉಳಿದ ಮಕ್ಕಳು ಎಲ್ಲಿ ಹೋದರು ಅಂತ ಕೇಳಲೇಬೇಕು. ಒಂಬತ್ತನೇ ತರಗತಿ ಮುಗಿದ ಮೇಲೆ "ಬೇರೆ ಕಡೆ ನೋಡಿಕೊಳ್ಳಿ" ಅಂತ ಟಿಸಿ ಕೊಟ್ಟು ಕಳಿಸಿದ ಮಕ್ಕಳು ನನ್ನ ಶಾಲೆಗೆ ಬಂದಿದ್ದಾರೆ. ಕಣ್ಣಲ್ಲಿ ನೀರು ಹಾಕುತ್ತಾ ಬಂದಿದ್ದಾರೆ. ಅಂಥ ಶಾಲೆಯ ನೂರಕ್ಕೆ ನೂರು ನನಗೆ ಬೇಡ.

ಇನ್ನು ನನಗೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ ಇರುವುದು ನೋಟ್‌ಬುಕ್ಕಿನ ಮೇಲೆ. ನಾಲ್ಕನೇ ಅಥವಾ ಐದನೇ ತರಗತಿಯ ಗಣಿತದ ನೋಟ್‌ಬುಕ್ ಕೇಳಿ. ಶಾಲೆಯವರು ಆರಿಸಿ ಕೊಡುವುದು ಬೇಡ, ಪಕ್ಕದ ಮನೆಯ ಮಗುವಿನದಾದರೆ ಇನ್ನೂ ಒಳ್ಳೆಯದು. ಕಳೆಯುವ ಲೆಕ್ಕ ಹುಡುಕಿ. 503ರಲ್ಲಿ 278 ಕಳೆದು ಮಗು 375 ಅಂತ ಬರೆದಿದೆ ಅಂದುಕೊಳ್ಳಿ. ಇದು ಅಜಾಗರೂಕತೆಯಿಂದ ಆದ ತಪ್ಪಲ್ಲ. ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಸಣ್ಣ ಅಂಕಿ ಕಳೆದಿದೆ: ಎಂಟರಲ್ಲಿ ಮೂರು, ಏಳರಲ್ಲಿ ಸೊನ್ನೆ, ಐದರಲ್ಲಿ ಎರಡು. ದಶಕ ತರುವುದು ಅದಕ್ಕೆ ಅರ್ಥವಾಗಿಲ್ಲ. ಈಗ ಟೀಚರ್ ಏನು ಮಾಡಿದ್ದಾರೆ ನೋಡಿ. ಕೆಂಪು ಪೆನ್ನಿನಲ್ಲಿ ಸುಮ್ನೆ ಅಡ್ಡಗೆರೆ ಎಳೆದು ಮುಂದೆ ಹೋಗಿದ್ದಾರಾ? ಕೆಳಗೆ ಮತ್ತೆ ಬಿಡಿಸಿ 225 ತೋರಿಸಿ, ಅಂಥದೇ ಇನ್ನೆರಡು ಲೆಕ್ಕ ಮಾಡಿಸಿದ್ದಾರಾ? ಎರಡನೆಯದು ಕಂಡರೆ ಆ ಶಾಲೆಯಲ್ಲಿ ಕಲಿಸುವವರು ಇದ್ದಾರೆ ಅಂತ ಅರ್ಥ. ಇಡೀ ತರಗತಿಯ ನೋಟ್‌ಬುಕ್ಕುಗಳಲ್ಲಿ ಒಂದೂ ತಪ್ಪಿಲ್ಲದೆ ಎಲ್ಲ ಒಂದೇ ಥರ ಇದ್ದರೆ ಸಂತೋಷ ಪಡಬೇಡಿ. ಅದು ಬೋರ್ಡ್ ನೋಡಿ ಇಳಿಸಿದ್ದು.

ಆಮೇಲೆ ಶಿಕ್ಷಕರು ನಿಲ್ಲುತ್ತಾರಾ ಅಂತ ವಿಚಾರಿಸಿ. ಕಳೆದ ವರ್ಷ ಗಣಿತ, ಇಂಗ್ಲಿಷ್ ಕಲಿಸಿದವರೇ ಈ ವರ್ಷವೂ ಇದ್ದಾರಾ? ಸರಕಾರಿ ಶಾಲೆಯಾದರೆ ಕಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಅಂತ ಕೇಳಿ. ಅತಿಥಿ ಶಿಕ್ಷಕರಲ್ಲಿ ಬಹಳ ಚೆನ್ನಾಗಿ ಕಲಿಸುವವರನ್ನು ನಾನು ಕಂಡಿದ್ದೇನೆ. ಆದರೆ ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಅವರ ನೇಮಕ ತಡವಾದರೆ ಅಷ್ಟು ದಿನ ಆ ವಿಷಯದ ಪಾಠವೇ ನಡೆಯುವುದಿಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಒಂದರಿಂದ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರು ಇರಬೇಕು ಅನ್ನುತ್ತದೆ. ಹೊರಗೆ ಬಿಟ್ಟಿರುವ ಚಪ್ಪಲಿ, ಶೂ ನೋಡಿದರೂ ಒಂದು ಕೋಣೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಅಂದಾಜಾಗುತ್ತದೆ.

ಮರಳಿ ಬರುವವರು ಮನೆ ನೋಡುವುದು ಸಾಮಾನ್ಯವಾಗಿ ರಿಂಗ್ ರೋಡಿನ ಆಚೆ. ಕುಸನೂರ, ಕೋಟನೂರ, ತಾಜ್ ಸುಲ್ತಾನಪುರದ ಕಡೆ ಹೊಸ ಲೇಔಟುಗಳು, ಅವುಗಳ ಹಿಂದೆಯೇ ಹೊಸ ಶಾಲೆಗಳು. ಹೊಸ ಶಾಲೆ ಅಂದರೆ ಕೆಟ್ಟದ್ದು ಅಂತ ಅಲ್ಲ. ಕಾಗದ ಮಾತ್ರ ನೋಡಲೇಬೇಕು. ಎಷ್ಟನೇ ತರಗತಿವರೆಗೆ ಮಾನ್ಯತೆ ಇದೆ ಅಂತ ಕೇಳಿ, ಆದೇಶದ ಪ್ರತಿ ತೋರಿಸಲು ಹೇಳಿ. ಪ್ರತಿ ಶಾಲೆಗೂ 11 ಅಂಕಿಯ ಯು-ಡೈಸ್ ಕೋಡ್, ಅಂದರೆ ಸರಕಾರಿ ದಾಖಲೆಯ ಗುರುತು ಸಂಖ್ಯೆ ಇರುತ್ತದೆ, ಕರ್ನಾಟಕದ್ದು 29ರಿಂದ ಶುರು. ಅದನ್ನು ಯು-ಡೈಸ್ ಜಾಲತಾಣದಲ್ಲಿ ಹಾಕಿದರೆ ಶಿಕ್ಷಕರು, ಕೋಣೆಗಳು, ಶೌಚಾಲಯದ ವಿವರ ಆನ್‌ಲೈನಿನಲ್ಲೇ ಸಿಗುತ್ತದೆ. ಸಿಬಿಎಸ್‌ಇ ಅಂತ ಬೋರ್ಡ್ ಇದ್ದರೆ ಸಂಯೋಜನೆಯ (ಅಫಿಲಿಯೇಷನ್) ಸಂಖ್ಯೆ ಕೇಳಿ ಸಿಬಿಎಸ್‌ಇಯ ಸರಸ್ ಪೋರ್ಟಲ್‌ನಲ್ಲಿ ಹುಡುಕಿ. "ಮುಂದಿನ ವರ್ಷ ಸಿಗುತ್ತದೆ" ಅನ್ನುವ ಮಾತಿಗೆ ಮಗುವಿನ ಹತ್ತನೇ ತರಗತಿ ಒಪ್ಪಿಸಬೇಡಿ. ಅನುಮಾನ ಬಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ. ಕಲಬುರಗಿಯಲ್ಲಿ ಉತ್ತರ ವಲಯ, ದಕ್ಷಿಣ ವಲಯ ಅಂತ ಎರಡಿವೆ, ನಿಮ್ಮ ಬಡಾವಣೆ ಯಾವುದಕ್ಕೆ ಸೇರುತ್ತದೆ ತಿಳಿದುಕೊಂಡು ಹೋಗಿ.

ಯಾವಾಗ ನೋಡಬೇಕು ಅನ್ನುವುದೂ ಮುಖ್ಯ. ದಸರಾ, ದೀಪಾವಳಿಗೆ ಬಂದವರು ಬೀಗ ಹಾಕಿದ ಕಟ್ಟಡ ನೋಡಿ ಹೋಗುತ್ತಾರೆ. ಶರಣಬಸವೇಶ್ವರ ಜಾತ್ರೆಗೆ ಬಂದಾಗ ಎರಡು ದಿನ ಜಾಸ್ತಿ ಉಳಿಯಿರಿ. ಆಗ ಬಿಸಿಲು ಏರಿರುತ್ತದೆ, ನಮ್ಮ ಕಡೆ ಶಾಲೆಯ ನಿಜ ಸ್ಥಿತಿ ಕಾಣುವುದು ಬಿಸಿಲಿನಲ್ಲೇ. ಏಪ್ರಿಲ್, ಮೇನಲ್ಲಿ ಸರಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುವ ಊರು ನಮ್ಮದು. ಮಧ್ಯಾಹ್ನ ಹೋಗಿ ಮೇಲಿನ ಮಹಡಿಯ ಕೋಣೆಯಲ್ಲಿ ಹತ್ತು ನಿಮಿಷ ನಿಲ್ಲಿ. ತಗಡಿನ ಚಾವಣಿ ಇದೆಯಾ? ಫ್ಯಾನ್ ತಿರುಗುತ್ತಿದೆಯಾ? ಕುಡಿಯುವ ನೀರಿನ ನಲ್ಲಿ ತಿರುಗಿಸಿ ನೋಡಿ. ಹೆಣ್ಣುಮಕ್ಕಳ ಶೌಚಾಲಯದೊಳಗೆ ತಾಯಂದಿರು ಹೋಗಿ ನೋಡಿ. ಒಳಗೆ ಚಿಲಕ, ನೀರು, ಬಕೆಟ್ ಇರಲೇಬೇಕು. ಇವು ಇಲ್ಲದ ಕಡೆ ಏಳನೇ, ಎಂಟನೇ ತರಗತಿಯ ಹುಡುಗಿಯರು ದಿನವಿಡೀ ನೀರು ಕುಡಿಯದೆ ಕೂರುತ್ತಾರೆ. ಹಾಗೆ ಕೂತವರಿಗೆ ನಾನು ಪಾಠ ಮಾಡಿದ್ದೇನೆ, ತಲೆನೋವಿನಲ್ಲಿ ಅವರಿಗೆ ಏನೂ ಹತ್ತುತ್ತಿರಲಿಲ್ಲ.

ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಆಟೋ, ವ್ಯಾನುಗಳಲ್ಲಿ ಮಕ್ಕಳನ್ನು ಹೇಗೆ ತುಂಬುತ್ತಾರೆ ನೋಡಿ. ಅಲ್ಲೇ ಕಾಯುತ್ತಿರುವ ಪಾಲಕರನ್ನು ಮಾತಾಡಿಸಿ. "ಮಗು ಟ್ಯೂಷನ್‌ಗೆ ಹೋಗುತ್ತಾ? ಯಾರ ಹತ್ತಿರ?" ಅಂತ ಕೇಳಿ. ಮೂರನೇ ತರಗತಿಯ ಮಗು ಅದೇ ಶಾಲೆಯ ಟೀಚರ್ ಹತ್ತಿರ ಸಂಜೆ ಟ್ಯೂಷನ್‌ಗೆ ಹೋಗುತ್ತಿದ್ದರೆ ಹಗಲು ಏನು ನಡೆಯುತ್ತಿದೆ ಅಂತ ಯೋಚಿಸಿ.

ಸರಕಾರಿ ಶಾಲೆಯನ್ನು ನೋಡದೆಯೇ ಬಿಟ್ಟುಬಿಡಬೇಡಿ. ಕರ್ನಾಟಕ ಪಬ್ಲಿಕ್ ಸ್ಕೂಲುಗಳಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದಬಹುದು. ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಪಾಲಕರಿರುತ್ತಾರೆ, ಅವರನ್ನು ಭೇಟಿಯಾಗಿ. ಮಗು ಜಾಣ ಅನಿಸಿದರೆ ಕೇಂದ್ರ ಸರಕಾರದ ನವೋದಯ ವಸತಿ ಶಾಲೆಯ ಬಗ್ಗೆಯೂ ಯೋಚಿಸಿ. ಆರನೇ ತರಗತಿಯ ಪ್ರವೇಶಕ್ಕೆ ಮಗು ಐದನೇ ತರಗತಿಯನ್ನು ಇದೇ ಜಿಲ್ಲೆಯಲ್ಲಿ ಓದುತ್ತಿರಬೇಕು, ಹಾಗಾಗಿ ಐದು ಶುರುವಾಗುವ ಮೊದಲೇ ಬನ್ನಿ.

ವರ್ಷದ ಲೆಕ್ಕ ಇನ್ನೊಂದು ಕಾರಣಕ್ಕೂ ಬೇಕು. ಪಿಯುಸಿ ಆದ ಮೇಲೆ ಎಂಜಿನಿಯರಿಂಗ್ ಮುಂತಾದ ಕೋರ್ಸುಗಳ ಸರಕಾರಿ ಸೀಟಿಗೆ ನಡೆಯುವ ಸಿಇಟಿಯ ಸಾಮಾನ್ಯ ನಿಯಮದ ಪ್ರಕಾರ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಪುಣೆಯಿಂದ ಆರನೇ ತರಗತಿಗೆ ಬಂದರೆ ಸರಿಹೋಗುತ್ತದೆ, ಏಳಕ್ಕೆ ಬಂದರೆ ಒಂದು ವರ್ಷ ಕಡಿಮೆ. ತಂದೆ ಅಥವಾ ತಾಯಿ ಇಲ್ಲಿ ಓದಿದ್ದರೆ ಬೇರೆ ದಾರಿ ಇದೆ, ಅದಕ್ಕೆ ನಿಮ್ಮ ಹಳೆಯ ಶಾಲೆಯ ದಾಖಲೆ ಬೇಕಾಗುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರಕ್ಕೂ ಅವೇ ಕಾಗದಗಳನ್ನು ಹುಡುಕುತ್ತೀರಿ. ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು ಸೀಟು ಇರುವುದು ದೊಡ್ಡ ಆಸರೆ. ಆದರೆ ಅದು ಪಿಯುಸಿ ಆದ ಮೇಲಿನ ಮಾತು.

ಒಂಬತ್ತು ಮತ್ತು ಹತ್ತರ ನಡುವೆ ಮಾತ್ರ ಮಗುವನ್ನು ಎಬ್ಬಿಸಿಕೊಂಡು ಬರಬೇಡಿ, ಬೋರ್ಡ್ ಬದಲಾದರೆ ಪೇಚಾಟ. ಎಂಟನೇ ತರಗತಿವರೆಗೆ ಟಿಸಿ ತಡವಾಯಿತು ಅಂತ ಸರಕಾರಿ, ಅನುದಾನಿತ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲ. ಆದರೂ ಬರುವ ಮುನ್ನ ಹಳೆಯ ಶಾಲೆಯಿಂದ ಟಿಸಿ, ಅಂಕಪಟ್ಟಿ, ಮಗುವಿನ ಪೆನ್ (ದೇಶದಾದ್ಯಂತ ನಡೆಯುವ ಕಾಯಂ ಶಿಕ್ಷಣ ಸಂಖ್ಯೆ) ಬರೆಸಿಕೊಳ್ಳಿ. ಕರ್ನಾಟಕದೊಳಗಿಂದಲೇ ಬರುವವರಾದರೆ ಸ್ಯಾಟ್ಸ್ ಸಂಖ್ಯೆಯನ್ನು (ರಾಜ್ಯದ ವಿದ್ಯಾರ್ಥಿ ದಾಖಲೆಯ ಸಂಖ್ಯೆ) ಹಳೆಯ ಶಾಲೆ ಆನ್‌ಲೈನಿನಲ್ಲಿ ಬಿಟ್ಟುಕೊಟ್ಟಿದೆಯಾ ಅಂತ ಅಲ್ಲಿರುವಾಗಲೇ ಖಚಿತ ಮಾಡಿಕೊಳ್ಳಿ. ಟಿಸಿಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ಅಂತ ಅಲ್ಲಿಯೇ ಕೌಂಟರಿನ ಮುಂದೆ ನಿಂತು ಅಕ್ಷರ ಅಕ್ಷರವಾಗಿ ಓದಿ.